ಬರಲಿರುವ ಆಟದ ಡಂಗುರ

ಊರಿಗೆ ನಾಟಕ ಕಂಪನಿಯೋ ಟೂರಿಂಗ್ ಟಾಕೀಸೋ ಬಂದರೆ ಅದರ ಸುದ್ದಿ ಮುಟ್ಟುತ್ತಿದ್ದ ಬಗೆ ರಾವೂರ, ವಾಡಿ, ಶಹಾಬಾದ ಕಡೆಯ ಹಿರಿಯರಿಗೆ ನೆನಪಿರಬಹುದು. ಟಾಂಗಾದ ಎರಡೂ ಬದಿಗೆ ಪೋಸ್ಟರು, ಒಳಗೆ ಧ್ವನಿವರ್ಧಕ, ಹಿಂದೆ ಓಡುವ ಮಕ್ಕಳತ್ತ ತೂರುವ ಬಣ್ಣದ ಕರಪತ್ರಗಳು. ಆ ಡಂಗುರಕ್ಕೂ ಸರಕಿಗೂ ನಡುವೆ ಹೆಚ್ಚೆಂದರೆ ಒಂದು ಸಂಜೆಯ ಅಂತರ. ಡೇರೆ ಕಣ್ಣೆದುರಿಗೇ ಇರುತ್ತಿತ್ತು. ಆಟ ಚೆನ್ನಾಗಿಲ್ಲದಿದ್ದರೆ ಮೊದಲ ರಾತ್ರಿ ನೋಡಿ ಬಂದವರೇ ಮರುದಿನ ಚಹದಂಗಡಿಯಲ್ಲಿ ಹೇಳಿಬಿಡುತ್ತಿದ್ದರು. ಇಂದು ಅದೇ ಊರುಗಳ ಹುಡುಗರ ಮೊಬೈಲಿಗೆ ಬರುವ ವಿಡಿಯೋ ಗೇಮಿನ ಡಂಗುರ ಬೇರೆ ಬಗೆಯದು. ಆಟ ಇನ್ನೂ ಸಿದ್ಧವಾಗಿರುವುದಿಲ್ಲ. ಅದಕ್ಕಾಗಿ ಕಾಯುವವರನ್ನು ಮಾತ್ರ ಮೊದಲೇ ಸಿದ್ಧಪಡಿಸಲಾಗಿರುತ್ತದೆ.

ಈ ವಿದ್ಯೆಗೆ ನಲವತ್ತು ವರ್ಷಗಳ ಇತಿಹಾಸವಿದೆ. 1982ರಲ್ಲಿ ಅಮೆರಿಕದ ಅಟಾರಿ ಕಂಪನಿಯು ಸ್ಪೀಲ್‌ಬರ್ಗ್‌ನ 'ಇ.ಟಿ.' ಸಿನಿಮಾದ ಹೆಸರಿನಲ್ಲಿ ಆಟವೊಂದನ್ನು ತರಲು ಹೊರಟಿತು. ಕ್ರಿಸ್‌ಮಸ್ ವ್ಯಾಪಾರ ತಪ್ಪಬಾರದೆಂದು ಆಟ ರಚಿಸುವವನಿಗೆ ಸಿಕ್ಕಿದ್ದು ಸುಮಾರು ಐದು ವಾರ. ಪ್ರಚಾರ ಜೋರಾಗಿತ್ತು, ಆಟ ಸೋತಿತು. ಮಾರಾಟವಾಗದ ಪೆಟ್ಟಿಗೆಗಳನ್ನು ಮರುವರ್ಷ ನ್ಯೂ ಮೆಕ್ಸಿಕೊದ ಮರುಭೂಮಿಯಲ್ಲಿ ಹೂಳಲಾಯಿತು; 2014ರಲ್ಲಿ ಅಗೆದಾಗ ಅವು ನಿಜವಾಗಿಯೂ ಸಿಕ್ಕವು. 1989ರ ಡಿಸೆಂಬರಿನಲ್ಲಿ 'ದಿ ವಿಝಾರ್ಡ್' ಎಂಬ ಇಡೀ ಸಿನಿಮಾವೇ ನಿಂಟೆಂಡೊದ ಮುಂದಿನ ಮಾರಿಯೊ ಆಟಕ್ಕೆ ಜಾಹೀರಾತಾಯಿತು. ಟಿಕೆಟು ಕೊಂಡು ಜಾಹೀರಾತು ನೋಡುವ ಕಾಲ ಅಲ್ಲಿಗೆ ಬಂದಿತೆನ್ನಬೇಕು.

ಎಲ್ಲರೂ ಹೀಗೆಯೇ ಮಾರಿದರೆಂದಲ್ಲ. 1993ರ ಡಿಸೆಂಬರಿನಲ್ಲಿ ಬಂದ 'ಡೂಮ್' ಆಟದ ಮೂರು ಭಾಗಗಳಲ್ಲಿ ಮೊದಲನೆಯದು ಪುಕ್ಕಟೆ. ಆಡಿ ನೋಡಿ ಮನಸ್ಸಿಗೆ ಬಂದರೆ ಉಳಿದೆರಡಕ್ಕೆ ಹಣ ಕಳಿಸಬಹುದಿತ್ತು. ನಮ್ಮ ಫರಸಿ ಕಲ್ಲಿನ ವ್ಯಾಪಾರಿಗಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ದಪ್ಪ, ಬಣ್ಣ, ಬಿರುಕು ನೋಡದೆ ಯಾರೂ ದರ ಮಾತಾಡುವುದಿಲ್ಲ. ಆದರೆ ಈ ಪುಕ್ಕಟೆ ಮಾದರಿಗಿಂತ ಮುಂಗಡ ಬುಕಿಂಗ್ ಕಂಪನಿಗಳಿಗೆ ಹೆಚ್ಚು ಹಿಡಿಸಿತು. ಪೋಲೆಂಡಿನ ಕಂಪನಿಯೊಂದು 2012ರಲ್ಲಿ ಘೋಷಿಸಿದ 'ಸೈಬರ್‌ಪಂಕ್ 2077' ಆಟ ಹಲವು ಬಾರಿ ಮುಂದೂಡಲ್ಪಟ್ಟು 2020ರ ಡಿಸೆಂಬರ್ 10ರಂದು ಹೊರಬರುವಾಗ 80 ಲಕ್ಷ ಜನ ಮೊದಲೇ ಕೊಂಡಾಗಿತ್ತು. ವಿಮರ್ಶಕರಿಗೆ ಮುಂಚಿತವಾಗಿ ಕೊಟ್ಟದ್ದು ಕಂಪ್ಯೂಟರಿನ ಪ್ರತಿಯನ್ನು ಮಾತ್ರ. ಹಳೆಯ ಪ್ಲೇಸ್ಟೇಷನ್‌ನಲ್ಲಿ ಆಟ ಎಷ್ಟು ಕೆಟ್ಟದಾಗಿ ಓಡುತ್ತದೆಂಬುದು ಕೊಂಡವರಿಗೆ ತಿಳಿದದ್ದು ಕೊಂಡ ಮೇಲೆಯೇ. ಸೋನಿ ಕಂಪನಿ ವಾರದೊಳಗೆ ತನ್ನ ಅಂಗಡಿಯಿಂದ ಅದನ್ನು ತೆಗೆದು ಹಣ ಹಿಂದಿರುಗಿಸಬೇಕಾಯಿತು.

ಇನ್ನೂ ಕೈಗೆ ಬಾರದ ವಸ್ತುವಿಗೆ ಮುಂಗಡ ಕೊಡುವುದು ಹೊಸ ಪ್ರಶ್ನೆಯೇನಲ್ಲ. ಪ್ರವಾದಿ ಮುಹಮ್ಮದ್(ಸ) ಮದೀನಾಕ್ಕೆ ಬಂದಾಗ ಅಲ್ಲಿಯ ಜನ ವರ್ಷ, ಎರಡು ವರ್ಷ ಮೊದಲೇ ಖರ್ಜೂರದ ಫಸಲಿಗೆ ಹಣ ಕೊಡುತ್ತಿದ್ದರು. ಅವರು ಅದನ್ನು ನಿಲ್ಲಿಸಲಿಲ್ಲ. ಅಳತೆ, ತೂಕ, ಒಪ್ಪಿಸುವ ದಿನ ಇವಿಷ್ಟೂ ಮೊದಲೇ ನಿಗದಿಯಾಗಿರಬೇಕೆಂದರು. ಕರ್ಮಶಾಸ್ತ್ರದಲ್ಲಿ ಇದಕ್ಕೆ 'ಸಲಮ್' ಎನ್ನುತ್ತಾರೆ. ನೀರಿನೊಳಗಿನ ಮೀನು, ಆಕಾಶದ ಹಕ್ಕಿಯಂತಹ ಅನಿಶ್ಚಿತ ವಸ್ತುವಿನ ಮಾರಾಟವನ್ನು ವಿದ್ವಾಂಸರು 'ಗರರ್' ಎಂದು ತಳ್ಳಿಹಾಕಿದರು. ರೈತನಿಗೆ ಬಿತ್ತನೆಗೆ ಹಣ ಬೇಕು, ವ್ಯಾಪಾರಿಗೆ ಫಸಲು ಬೇಕು. ಇಬ್ಬರ ಅಗತ್ಯವನ್ನೂ ಸಲಮ್ ಮನ್ನಿಸುತ್ತದೆ. ಮುಂಗಡ ಮಾರಾಟದ ಆಟದಲ್ಲಿ ದಿನವೂ ಜಾರುತ್ತದೆ, ಗುಣವೂ ಗೊತ್ತಿರುವುದಿಲ್ಲ. ಗೊತ್ತಿರುವುದು ಬೆಲೆ ಮಾತ್ರ.

ನಮ್ಮ ದೇಶದಲ್ಲಿ ಹಣ ಕೇಳದೆಯೇ ಈ ವ್ಯಾಪಾರ ನಡೆಯಿತು. 2020ರ ಜೂನ್ 15ರಂದು ಗಾಲ್ವಾನ್ ಕಣಿವೆಯಲ್ಲಿ 20 ಮಂದಿ ಭಾರತೀಯ ಯೋಧರು ಪ್ರಾಣ ಕೊಟ್ಟರು. ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ ಪಬ್‌ಜಿ ಮೊಬೈಲ್ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ಎರಡೇ ದಿನಗಳಲ್ಲಿ ಬೆಂಗಳೂರಿನ ಎನ್‌ಕೋರ್ ಗೇಮ್ಸ್‌ನ 'ಫೌ-ಜಿ' ಆಟವನ್ನು ನಟ ಅಕ್ಷಯ್ ಕುಮಾರ್ ಘೋಷಿಸಿದರು. ನಿವ್ವಳ ಆದಾಯದ ಶೇ. 20 'ಭಾರತ್ ಕೆ ವೀರ್' ನಿಧಿಗೆ ಎಂದರು. ದಸರೆಗೆ ಟೀಸರ್, ನವೆಂಬರ್ 30ಕ್ಕೆ ಮುಂಗಡ ನೋಂದಣಿ, ಗಣರಾಜ್ಯೋತ್ಸವಕ್ಕೆ ಬಿಡುಗಡೆ. ನೋಂದಣಿಯ ಮೊದಲ 24 ಗಂಟೆಗಳಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೆಸರು ಬರೆಸಿದರು. ಆ ಸಂಖ್ಯೆಯೇ ಮತ್ತೆ ಸುದ್ದಿಯಾಗಿ ಇನ್ನಷ್ಟು ಜನರನ್ನು ಕರೆತಂದಿತು. ಅಲ್ಲಿಗೆ ಡಂಗುರ ಹೊಡೆಯುವವನೂ ಗಿರಾಕಿಯೇ ಆದ.

2021ರ ಜನವರಿ 26ರಂದು ಕೈಗೆ ಬಂದದ್ದು ಗಾಲ್ವಾನ್ ಕಣಿವೆಯ ಒಂಟಿ ಕಾದಾಟ ಮಾತ್ರ. ಪಬ್‌ಜಿ ಬಿಟ್ಟ ಹುಡುಗರು ಬಯಸಿದ್ದ ತಂಡದ ಆಟ ಆ ದಿನ ಇರಲೇ ಇಲ್ಲ. ಅದು ಬಂದದ್ದು ಜೂನ್‌ನಲ್ಲಿ. ಸೈನಿಕರ ನಿಧಿಗೆ ಹಣ ಹೋಗುವುದಕ್ಕೆ ನಮ್ಮ ತಕರಾರಿಲ್ಲ. ಆದರೆ ಹುತಾತ್ಮರ ಹೆಸರನ್ನು ಮುಂದಿಟ್ಟು ಮಾರಿದ ಸರಕನ್ನು ಚೆನ್ನಾಗಿಲ್ಲ ಎನ್ನಲು ಗಿರಾಕಿಗೆ ಧೈರ್ಯ ಸಾಲುವುದಿಲ್ಲ. ನಮ್ಮ ಮನೆಗಳ ಹುಡುಗನಿಗಂತೂ ಈ ಅಂಜಿಕೆ ಇಮ್ಮಡಿ. ಒಂದು ಆಟ ಬೇಸರವಾಯಿತು ಎಂದರೂ ಅವನ ದೇಶಪ್ರೇಮದ ಲೆಕ್ಕ ಕೇಳುವವರಿದ್ದಾರೆ.

ಪಬ್‌ಜಿಯ ಕೊರಿಯನ್ ಕಂಪನಿ ಕ್ರಾಫ್ಟನ್ ಇದನ್ನೆಲ್ಲ ನೋಡಿ ಕಲಿತಂತೆ ತೋರುತ್ತದೆ. ಆಟದ ಹೆಸರಿಗೇ ಇಂಡಿಯಾ ಸೇರಿಸಿ 2021ರ ಮೇ 18ರಿಂದ 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ'ಕ್ಕೆ ನೋಂದಣಿ ತೆರೆಯಿತು. ಹೆಸರು ಬರೆಸಿದವರಿಗೆ ಆಟದೊಳಗೆ ಧರಿಸಲು ಒಂದು ಮುಖವಾಡ, ಒಂದು ಉಡುಪು ಇನಾಮು. ಜುಲೈ 2ರ ಬಿಡುಗಡೆಗೆ ಮುಂಚೆಯೇ ಎರಡು ಕೋಟಿ ನೋಂದಣಿಯಾಗಿದೆಯೆಂದು ಕಂಪನಿ ಪ್ರಕಟಿಸಿತು. 18ಕ್ಕಿಂತ ಕಡಿಮೆ ವಯಸ್ಸಿನವರು ಪೋಷಕರ ಫೋನ್ ಸಂಖ್ಯೆ ಕೊಡಬೇಕೆಂಬ ಷರತ್ತನ್ನೂ ಹಾಕಲಾಯಿತು. ಲಾಕ್‌ಡೌನಿನ ಆ ದಿನಗಳಲ್ಲಿ ರಾವೂರದಂತಹ ಊರಿನ ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಫೋನು. ಆನ್‌ಲೈನ್ ಪಾಠಕ್ಕೆಂದು ಅಬ್ಬಾ ಅದನ್ನು ಮಗನ ಕೈಗೇ ಕೊಟ್ಟಿರುತ್ತಿದ್ದರು.