ಸೀಸದ ಗುಂಡು, ಜೇನುಮೇಣ, ಹಲಗಲಿ

ಬಂದೂಕಿನ ನಳಿಗೆಗಿಂತ ಅದರೊಳಗೆ ಇಳಿಯುವ ಗುಂಡು ಎಷ್ಟು ಸಣ್ಣದಿರಬೇಕು? ಇದು ಕಮ್ಮಾರಸಾಲೆಯ ಮುಂದೆ ಕೂತು ಮಾತಾಡುವ ವಿಷಯ, ಇತಿಹಾಸಕ್ಕೇನು ಸಂಬಂಧ ಅನ್ನಿಸಬಹುದು. ಆದರೆ ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯವನಾದ ನಾನು ನಮ್ಮ ಸೀಮೆಯ ಹತ್ತೊಂಬತ್ತನೇ ಶತಮಾನವನ್ನು ಓದುತ್ತ ಹೋದಂತೆಲ್ಲ, ಈ ಸಣ್ಣ ಪ್ರಶ್ನೆಯೇ ಮತ್ತೆ ಮತ್ತೆ ಎದುರಾಗುತ್ತದೆ.

ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ. ಒಲೆಯ ಕೆಂಡವೇ ಸಾಕು. ಕಬ್ಬಿಣಕ್ಕಾದರೆ ಕುಲುಮೆ ಬೇಕು, ತಿದಿ ಬೇಕು. ಸೀಸಕ್ಕೆ ಒಂದು ಸೌಟು, ಎರಡು ಹೋಳಿನ ಅಚ್ಚು ಇದ್ದರಾಯಿತು. ಮದ್ದು ಸಿಕ್ಕಿದರೆ ಯಾವ ಹಳ್ಳಿಯೂ ತನ್ನ ಗುಂಡು ತಾನೇ ಮಾಡಿಕೊಳ್ಳಬಲ್ಲದು. ಸರ್ಕಾರಗಳಿಗೆ ಸೀಸದ ಈ ಗುಣ ಎಂದೂ ಹಿಡಿಸಿಲ್ಲ.

ಹಾಗಂತ ಎರಕ ಸಲೀಸಲ್ಲ. ಅಚ್ಚು ತಣ್ಣಗಿದ್ದರೆ ಗುಂಡಿನ ಮೈ ಸುಕ್ಕುಗಟ್ಟುತ್ತದೆ. ಒಳಗೆ ಗಾಳಿ ಸಿಕ್ಕಿಕೊಂಡರೆ ಒಂದು ಬದಿ ಹಗುರಾಗಿ, ಹಾರುವಾಗ ಅಡ್ಡ ಎಳೆಯುತ್ತದೆ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿತ್ತೋ, ಸಿಡಿದು ಮೈ ಸುಡುತ್ತದೆ. ಇವೆಲ್ಲ ಕೈ ಪಳಗಿದರೆ ಹೋಗುವ ದೋಷಗಳು. ಎಷ್ಟು ಪಳಗಿದರೂ ಕಾಡುವುದು ಅಳತೆ. ಕಪ್ಪು ಮದ್ದು ಪೂರ್ತಿ ಗಾಳಿಯಾಗಿ ಹೋಗುವುದಿಲ್ಲ. ಅದರ ತೂಕದ ಸುಮಾರು ಅರ್ಧದಷ್ಟು ಹೊಗೆಯ ಕಣವಾಗಿ, ಕಿಟ್ಟವಾಗಿ ಉಳಿಯುತ್ತದೆ. ಕಿಟ್ಟ ನಳಿಗೆಗೆ ಮೆತ್ತಿಕೊಳ್ಳುತ್ತದೆ. ನಾಲ್ಕಾರು ಸಲ ಹಾರಿಸುವಷ್ಟರಲ್ಲಿ ದಾರಿ ಕಿರಿದಾಗಿ, ಮೊದಲು ಸರಿಯಾಗಿ ಕೂರುತ್ತಿದ್ದ ಗುಂಡು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಗುಂಡು ಸಣ್ಣದು ಮಾಡಿದರೆ ತುಂಬುವುದು ಸುಲಭ, ಗುರಿ ಹಾಳು. ದೊಡ್ಡದು ಮಾಡಿದರೆ ಗುರಿ ಸರಿ, ತುಂಬುವುದೇ ಕಷ್ಟ.

1800ರ ಜೂನ್‌ನಲ್ಲಿ ಧೋಂಡಿಯಾ ವಾಘನ ಬೆನ್ನು ಹತ್ತಿ ತುಂಗಭದ್ರೆ ದಾಟಿ ಬಂದ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ರಾಣೆಬೆನ್ನೂರಿನ ಕೋಟೆಗೆ ನುಗ್ಗಿ ಅದನ್ನು ಹಿಡಿಯಿತು. ಆ ಕಾಲದ ಇಂಗ್ಲಿಷ್ ಸಿಪಾಯಿಗಳ ಬಂದೂಕು ಬ್ರೌನ್ ಬೆಸ್. ನಳಿಗೆ 19 ಮಿಲಿಮೀಟರ್ ಅಗಲ, ಗುಂಡು ಸುಮಾರು 17.5. ಒಂದೂವರೆ ಮಿಲಿಮೀಟರ್ ಸಡಿಲ! ಗುಂಡು ಗಡಗಡ ಅನ್ನುತ್ತ ಒಳಗಿಳಿಯುತ್ತಿತ್ತು, ಹಾಗೆಯೇ ನಳಿಗೆಯ ಗೋಡೆಗೆ ಬಡಿಯುತ್ತ ಹೊರಬೀಳುತ್ತಿತ್ತು. ನೂರು ಗಜದಾಚೆ ಒಬ್ಬ ಮನುಷ್ಯನಿಗೆ ತಾಗಿದರೆ ಅದೃಷ್ಟ. ಅದಕ್ಕೇ ಸಾಲುಗಟ್ಟಿ ನಿಂತು ಎಲ್ಲರೂ ಒಟ್ಟಿಗೆ ಹಾರಿಸುವ ಕವಾಯತು. ಚಿತ್ರಗಳಲ್ಲಿ ಅದು ಶಿಸ್ತಿನಂತೆ ಕಾಣುತ್ತದೆ. ನನಗೆ ಕಾಣುವುದು ಸಡಿಲ ಗುಂಡಿನ ಪರಿಹಾರ.

1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಇದನ್ನು ಬದಲಿಸಿತು. ಅದರ ನಳಿಗೆಯೊಳಗೆ ತಿರುಚಿದ ಗಾಡಿಗಳಿದ್ದವು. ಗುಂಡು ದುಂಡಗಿರದೆ ಉದ್ದಗಿತ್ತು, ಹಿಂಭಾಗ ಟೊಳ್ಳು. ಮದ್ದು ಸಿಡಿದಾಗ ಆ ಮೆದು ಸೀಸ ಹಿಗ್ಗಿ ಗಾಡಿಗಳನ್ನು ಕಚ್ಚಿಕೊಂಡು ಗಿರಗಿರ ತಿರುಗುತ್ತ ಹೊರಡುತ್ತಿತ್ತು. ನಳಿಗೆ 14.66 ಮಿಲಿಮೀಟರ್, ಗುಂಡು 14.43. ನಡುವಿನ ಕೂದಲೆಳೆಯಷ್ಟು ಜಾಗದಲ್ಲಿ ಗುಂಡಿಗೆ ಸುತ್ತಿದ ಕಾಗದವೂ ಹೋಗಬೇಕು, ಕಿಟ್ಟವನ್ನೂ ದಾಟಬೇಕು. ಜಿಡ್ಡಿಲ್ಲದೆ ಅದು ಆಗುವ ಮಾತಲ್ಲ. ಹೀಗಾಗಿ ಕಾಗದದ ತೋಟೆಯ ಗುಂಡಿನ ತುದಿಯನ್ನು ಜಿಡ್ಡಿನಲ್ಲಿ ಅದ್ದುತ್ತಿದ್ದರು. ಸಿಪಾಯಿ ಇನ್ನೊಂದು ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದು ಸುರಿದು, ಆಮೇಲೆ ಗುಂಡು ತುರುಕಬೇಕು.

ಮುಂದಿನದನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಅದು ಹಸುವಿನದೋ ಹಂದಿಯದೋ ಕೊಬ್ಬು ಎಂಬ ಮಾತು ಹಬ್ಬಿತು. 1857ರ ಜನವರಿ ಕೊನೆಯಲ್ಲೇ, ಜಿಡ್ಡಿಲ್ಲದ ತೋಟೆ ಕೊಟ್ಟು ಸಿಪಾಯಿಗಳೇ ತಮಗೊಪ್ಪುವುದನ್ನು ಸವರಿಕೊಳ್ಳಲಿ ಎಂದು ಸರ್ಕಾರ ಆದೇಶಿಸಿತು. ಅಷ್ಟರಲ್ಲಿ ನಂಬಿಕೆ ಹೋಗಿತ್ತು. ದಂಗೆಗೆ ಜಿಡ್ಡೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ನಮ್ಮ ಮುಂಬೈ ಕರ್ನಾಟಕದಲ್ಲಂತೂ ಇನಾಂ ಕಮಿಷನ್ ಭೂಮಿಯ ಹಕ್ಕುಪತ್ರ ಕೆದಕಿ ಜನರನ್ನು ಆಗಲೇ ರೊಚ್ಚಿಗೆಬ್ಬಿಸಿತ್ತು.

ಪಠ್ಯಪುಸ್ತಕ ಹೇಳದ ಸಂಗತಿಯೊಂದಿದೆ. ಆ ಬೇಸಿಗೆಯಲ್ಲಿ ಇದೇ ತೋಟೆ ಇಂಗ್ಲಿಷ್ ಸೈನಿಕರಿಗೂ ಕೈಕೊಟ್ಟಿತು. ಬಿಸಿಲಿಗೆ ಕೊಬ್ಬು ಕರಗಿ ಕಾಗದದಿಂದ ಇಳಿದುಹೋಗುತ್ತಿತ್ತು. ಒಣಗಿದ ಗುಂಡು ನಳಿಗೆಯಲ್ಲಿ ಸಿಕ್ಕಿಕೊಂಡು, ಗಜಕಡ್ಡಿಯ ತುದಿಯನ್ನು ಗೋಡೆಗೆ ಕೊಟ್ಟು ಗುದ್ದಿ ಇಳಿಸುವ ಪಾಡು ಬಂತು. ಆಮೇಲೆ ಗುಂಡನ್ನು 13.97 ಮಿಲಿಮೀಟರಿಗೆ ಇಳಿಸಿದರು, ಹಿಂದಿನ ಟೊಳ್ಳಿಗೆ ಬೆಣೆಯಿಟ್ಟು ಚೆನ್ನಾಗಿ ಹಿಗ್ಗುವಂತೆ ಮಾಡಿದರು, ಕೊಬ್ಬಿನ ಬದಲು ಜೇನುಮೇಣ ಹಚ್ಚಿದರು. ಮೇಣ ಬಿಸಿಲಿಗೂ ತಡೆಯುತ್ತದೆ, ಯಾರ ಜಾತಿಯನ್ನೂ ಕೆಡಿಸುವುದಿಲ್ಲ. ಮೊದಲೇ ಇಷ್ಟು ಹೊಳೆದಿದ್ದರೆ!

ಗುಂಡಿನ ಅಳತೆ ಸರಿಹೋಗುವ ಮೊದಲೇ ಕಾನೂನು ಬಂತು. ದಂಗೆಗೆ ಬೆದರಿದ ಸರ್ಕಾರ 1857ರಲ್ಲೇ ನಿಶ್ಶಸ್ತ್ರೀಕರಣ ಕಾಯ್ದೆ ಹೊರಡಿಸಿ, ಜನ ತಮ್ಮ ಆಯುಧ ಒಪ್ಪಿಸಬೇಕು, ಇಟ್ಟುಕೊಳ್ಳುವವರು ಅಪ್ಪಣೆ ಪಡೆಯಬೇಕು ಎಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಅವರಿಗೂ ಕೊಬ್ಬಿನ ತೋಟೆಗೂ ಯಾವ ಸಂಬಂಧವೂ ಇರಲಿಲ್ಲ. ಅವರು ಕಂಪನಿಯ ಸಿಪಾಯಿಗಳಲ್ಲ. ಬೇಟೆ ಅವರ ಬದುಕು, ಆಯುಧ ಅವರ ಮಾನ. ನವೆಂಬರ್ ಕೊನೆಗೆ ಸೈನ್ಯ ಊರನ್ನು ಸುತ್ತುವರಿದು ಬೆಂಕಿ ಹಚ್ಚಿತು. ಸುಮಾರು ನೂರು ಜನ ಸತ್ತರು, 290 ಜನ ಸೆರೆಯಾದರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಯನ್ನು, 14ರಂದು ಹಲಗಲಿಯಲ್ಲೇ 6 ಮಂದಿಯನ್ನು ಗಲ್ಲಿಗೇರಿಸಿದರು. ಜಡಗ, ಬಾಲರ ಹೆಸರು ಇಂದಿಗೂ ನಮ್ಮ ಬಾಯಲ್ಲಿ ಉಳಿದಿರುವುದು ಲಾವಣಿಯಿಂದ. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಅದೇ ಸರ್ಕಾರದ ಅಧಿಕಾರಿ ಜೆ.ಎಫ್. ಫ್ಲೀಟ್.

ಮೂರೇ ವರ್ಷಗಳ ನಂತರ, 1861ರ ಫೆಬ್ರವರಿಯಲ್ಲಿ, ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ದಂಗೆಯ ಕಾಲದಲ್ಲಿ ತೋರಿದ ನಿಷ್ಠೆಗೆ ಅದು ಬಹುಮಾನ. ಕೈಲ್‌ಪೋದ್‌ನಲ್ಲಿ ಕೋವಿಗೆ ಹೂವು ಮುಡಿಸುವುದನ್ನು ಕಂಡರೆ ನನಗೂ ಖುಷಿಯೇ. ಆದರೆ ಒಂದೇ ನಾಡಿನ ಎರಡು ಬೇಟೆಗಾರ ಸಮುದಾಯಗಳಿಗೆ ಒಂದೇ ಕಾನೂನು ತೋರಿದ ಎರಡು ಮುಖಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವುದು ಕಡಿಮೆ.

ಲೋಹದ ತೋಟೆ, ಹೊಗೆಯಿಲ್ಲದ ಮದ್ದು ಬಂದಮೇಲೆ ಹಳೆಯ ತೊಡಕು ಹೊಸ ರೂಪದಲ್ಲಿ ಮರಳಿತು. ವೇಗ ಹೆಚ್ಚಿದಂತೆ ಬರಿಯ ಸೀಸ ಗಾಡಿಗಳಿಗೆ ಮೆತ್ತಿಕೊಂಡು ನಳಿಗೆಯನ್ನು ಕೆಡಿಸತೊಡಗಿತು. ಅದಕ್ಕೆ ಗುಂಡಿಗೆ ತಾಮ್ರ ಬೆರೆತ ಲೋಹದ ಕವಚ ಹೊದಿಸಿದರು. ಕವಚದ ಗುಂಡು ಒಲೆಯ ಮೇಲೆ ಆಗುವಂಥದ್ದಲ್ಲ, ಕಾರ್ಖಾನೆಯೇ ಬೇಕು. 1878ರ ಆಯುಧ ಕಾಯ್ದೆ ಒಂದು ಕಡೆಯಿಂದ, ಕವಚ ಇನ್ನೊಂದು ಕಡೆಯಿಂದ, ಹಳ್ಳಿಯವನ ಸೌಟು ಅಚ್ಚುಗಳನ್ನು ಅಟ್ಟಕ್ಕೇರಿಸಿದವು. 1943ರ ಏಪ್ರಿಲ್ 1ರಂದು ನಮ್ಮ ಜಿಲ್ಲೆಯ ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರು ಕಂದಾಯದ ಖಜಾನೆಯ ಮುಂದೆ ಪೊಲೀಸರ ಗುಂಡಿಗೆ ಬಿದ್ದಾಗ, ಗುಂಡು ಎಂಬುದು ಸರ್ಕಾರದ ಉಗ್ರಾಣದಿಂದ ಬರುವ ವಸ್ತುವಾಗಿ ಬಹಳ ಕಾಲವಾಗಿತ್ತು.

ನಮ್ಮ ಕಡೆ ಬಾಯಿಯಿಂದ ಮದ್ದು ತುಂಬುವ ಲೈಸೆನ್ಸ್ ಬಂದೂಕು ಈಗಲೂ ಅಲ್ಲೊಂದು ಇಲ್ಲೊಂದು ಇವೆ, ಹೊಲ ಕಾಯಲಿಕ್ಕೆ. 1974ರಲ್ಲಿ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವಾಯಿತು, ಜಿಂಕೆಗೆ ಗುಂಡು ಹೊಡೆಯುವುದು ಅಪರಾಧ. ಹಾಗಾಗಿ ಮದ್ದಿನ ಮೇಲೆ ಬರೀ ಚಿಂದಿ ಗಿಡಿದು ಸದ್ದು ಮಾಡಿ ಅಟ್ಟುತ್ತಾರೆ. ಚುನಾವಣೆ ಘೋಷಣೆಯಾದರೆ ಆ ಬಂದೂಕೂ ಠಾಣೆಗೆ ಹೋಗಬೇಕು. ಫಲಿತಾಂಶ ಬಂದು ವಾಪಸು ಸಿಗುವವರೆಗೆ ಮೆಕ್ಕೆಜೋಳ ಕಾಯುವುದು ಡಬ್ಬಿ ಬಡಿಯುವವರ ಪಾಲಿಗೆ.