ನಲ್ವತ್ತು ದಿನ ಯಾರಿಗೆ? ಆದೋನಿಯಿಂದ ನೋಡಿದ ಒಂದು ಆಪರೇಷನ್ನಿನ ಚರಿತ್ರೆ

ಕರ್ನೂಲು ಜಿಲ್ಲೆಯ ಪಶ್ಚಿಮದಲ್ಲಿ, ಆದೋನಿ, ಕೋಸಿಗಿ ಕಡೆ, ಸುಗ್ಗಿ ಎಂದರೆ ಹಬ್ಬವಲ್ಲ. ಕೂಲಿಗಾಗಿ ಊರು ಬಿಟ್ಟು ಹೋಗುವುದಕ್ಕೆ ಅಲ್ಲಿನ ಜನ ಹಾಗೆನ್ನುತ್ತಾರೆ. ತೆಲುಗಿನ ನಡುವೆ ಉಳಿದುಕೊಂಡಿರುವ ನಮ್ಮ ಪದ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಇಡೀ ಕುಟುಂಬ ಗುಂಟೂರಿನ ಕಡೆ ಹೊರಡುತ್ತದೆ, ಹತ್ತಿ ಬಿಡಿಸಲು, ಮೆಣಸಿನಕಾಯಿ ಕೊಯ್ಯಲು. ಹತ್ತಿ ಮಿಲ್ಲಿನ ಯಂತ್ರದ ಕೆಲಸಕ್ಕೆ ನಾನು ಅಲ್ಲಿಗೆ ಹೋಗಿ ಬರುತ್ತೇನೆ. ಮಿಲ್ಲಿನ ಕೂಲಿ ಹೆಂಗಸರ ನಡುವೆ ‘ಆಪರೇಷನ್ ಆಗಿದೆ’ ಎಂಬ ಮಾತು ಎಷ್ಟು ಸಲೀಸಾಗಿ ಬರುತ್ತದೆ ಎಂದರೆ, ಯಾವ ಆಪರೇಷನ್ ಎಂದು ಯಾರೂ ಕೇಳುವುದಿಲ್ಲ. ಗರ್ಭಕೋಶ ತೆಗೆಸಿದ್ದು ಎಂದೇ ಅರ್ಥ.

ಇದು ಬರೀ ಮಾತಲ್ಲ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಗರ್ಭಕೋಶ ತೆಗೆಸಿಕೊಂಡವರು ದೇಶದಲ್ಲಿ ಶೇ. 3.2, ಆಂಧ್ರಪ್ರದೇಶದಲ್ಲಿ ಶೇ. 8.9. ಬಡ ಹೆಂಗಸರಿಗೆ ಅಗತ್ಯವಿಲ್ಲದೆ ಈ ಆಪರೇಷನ್ ಮಾಡುತ್ತಿದ್ದಾರೆ ಎಂಬ ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಕೋರ್ಟು ಎಲ್ಲ ರಾಜ್ಯಗಳಿಗೆ ಹೇಳಿತು.

ಆದೋನಿಯ ವಿಷಯ ಬ್ಯಾರಿಗಳಿಗೆ ಯಾಕೆ ಎಂದು ಕೇಳಬಹುದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ಆದೋನಿ ಬಳ್ಳಾರಿ ಜಿಲ್ಲೆಯ ತಾಲೂಕು. ಬಳ್ಳಾರಿಯೂ ನಮ್ಮ ಸೌತ್ ಕೆನರಾವೂ ಒಂದೇ ಮದರಾಸು ಆಡಳಿತದ ಜಿಲ್ಲೆಗಳು. ಪರ್ದಾದ ಹೆಂಗಸರಿಗೆಂದೇ ಒಂದು ಆಸ್ಪತ್ರೆ ಆದದ್ದೂ ಆ ಮದರಾಸಿನಲ್ಲಿ.

ಅದನ್ನು ಶುರು ಮಾಡಿದವರು ಮೇರಿ ಶಾರ್ಲೀಬ್ ಎಂಬ ಇಂಗ್ಲಿಷ್ ಮಹಿಳೆ. ಗಂಡ ಮದರಾಸಿನಲ್ಲಿ ವಕೀಲ. ಗಂಡು ಡಾಕ್ಟರಿಗೆ ಮೈ ತೋರಿಸಲು ಒಪ್ಪದೆ ಹೆರಿಗೆಯಲ್ಲಿ ಒದ್ದಾಡುವ ಹೆಂಗಸರ ಕಥೆ ಕೇಳಿ, 1875ರಲ್ಲಿ ಮದರಾಸು ಮೆಡಿಕಲ್ ಕಾಲೇಜು ಸೇರಿದ ಮೊದಲ ನಾಲ್ವರು ಮಹಿಳೆಯರಲ್ಲಿ ಒಬ್ಬರಾದರು. ಲಂಡನ್ನಿನಲ್ಲಿ ಓದು ಮುಂದುವರಿಸಿ ಮರಳಿ ಬಂದು, 1885ರಲ್ಲಿ ಜಾತಿಸ್ಥ ಮತ್ತು ಗೋಷಾ ಹೆಂಗಸರ ಆಸ್ಪತ್ರೆ ತೆರೆದರು. ಗೋಷಾ ಎಂದರೆ ಪರ್ದಾ. ಇವತ್ತು ಚೆನ್ನೈನ ಟ್ರಿಪ್ಲಿಕೇನ್‌ನಲ್ಲಿ ಕಸ್ತೂರಬಾ ಗಾಂಧಿ ಆಸ್ಪತ್ರೆ ಎಂಬ ಹೆಸರಿನಲ್ಲಿ ಇರುವುದು ಅದೇ. ಆದೋನಿಯ ಹೆಂಗಸಿಗೆ ಆಗಲೇ ಮದರಾಸಿಗೆ ರೈಲು ಇತ್ತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಲ್ಲಿಯವರೆಗೆ ನಮ್ಮ ಹಿರಿಯಜ್ಜಿಯಂದಿರ ಪಾಲಿಗೆ ಮದರಾಸು ಎಷ್ಟು ದೂರವಿತ್ತು ಎಂದು ನೀವೇ ಊಹಿಸಿ.

‘ನಮ್ಮ ದೀನಿನಲ್ಲಿ ಇಂಥದ್ದನ್ನು ಮಾತಾಡಬಾರದು’ ಎನ್ನುವವರಿಗೆ ಇನ್ನೂ ಹಿಂದಿನದು ಹೇಳಬೇಕು. ಸುಮಾರು 1,000 ವರ್ಷ ಹಿಂದೆ ಕೊರ್ಡೋಬಾದ ಅಲ್ ಝಹ್ರಾವಿ ಬರೆದ ‘ಅಲ್ ತಸ್ರೀಫ್’ನಲ್ಲಿ ಹೆಂಗಸರ ಮೂತ್ರಕೋಶದ ಕಲ್ಲು ತೆಗೆಯುವ ವಿಧಾನವಿದೆ. ನುರಿತ ಹೆಣ್ಣು ವೈದ್ಯೆಯನ್ನೋ ಸೂಲಗಿತ್ತಿಯನ್ನೋ ಕರೆಸಿ, ಹಂತಹಂತವಾಗಿ ಹೇಳಿಕೊಟ್ಟು ಮಾಡಿಸಬೇಕು ಎನ್ನುತ್ತಾರೆ ಅವರು. ತೀರಾ ಎಳೆಯ ವಯಸ್ಸಿನ ಹೆರಿಗೆಯಲ್ಲಿ ಮೂತ್ರಕೋಶ ಹರಿದು ಮೂತ್ರ ಸೋರುತ್ತಲೇ ಇರುವ ಸಂಕಟವನ್ನು ಇಬ್ನ್ ಸೀನಾ ‘ಅಲ್ ಖಾನೂನ್’ನಲ್ಲಿ ಬರೆದಿದ್ದಾರೆ. ಅಂಥ ಹುಡುಗಿಯರು ಬಸುರಾಗದಂತೆ ವೈದ್ಯನೇ ತಿಳಿಹೇಳಬೇಕು ಎಂದೂ ಅವರ ಸಲಹೆ. ನಾಚಿಕೆಯ ಹೆಸರಿನಲ್ಲಿ ಅವರಿಬ್ಬರೂ ಬಾಯಿ ಮುಚ್ಚಿಕೊಂಡಿರಲಿಲ್ಲ.

ಆ ಸೋರುವ ತೂತನ್ನು ಹೊಲಿಯುವ ವಿದ್ಯೆ ಅಮೆರಿಕದಲ್ಲಿ 1849ರಲ್ಲಿ ಕೈಗೂಡಿತು. ಮಾಡಿದವರು ಮರಿಯನ್ ಸಿಮ್ಸ್. ಕಲಿತದ್ದು ಮಾತ್ರ ಗುಲಾಮ ಹೆಂಗಸರ ಮೈಮೇಲೆ, ಅರಿವಳಿಕೆ ಕೊಡದೆ. ಅನಾರ್ಕಾ ಎಂಬ ಹುಡುಗಿಗೆ ಸುಮಾರು 30 ಸಲ ಮಾಡಿದ ನಂತರ ಹೊಲಿಗೆ ನಿಂತಿತು. 2018ರಲ್ಲಿ ನ್ಯೂಯಾರ್ಕ್‌ನವರು ಆತನ ಪ್ರತಿಮೆಯನ್ನು ಸೆಂಟ್ರಲ್ ಪಾರ್ಕಿನಿಂದ ತೆಗೆದರು. ತೆಗೆದದ್ದೇ ಸರಿ ಎಂದು ನನ್ನ ಅಭಿಪ್ರಾಯ.

ನಮ್ಮ ಕಡೆಯ ಹೆಸರೊಂದಿದೆ, ವಿಠ್ಠಲ ನಾಗೇಶ ಶಿರೋಡ್ಕರ್. ಗೋವಾದ ಶಿರೋಡದಲ್ಲಿ 1899ರಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಶಾಲೆ ಓದಿ, ಬೊಂಬಾಯಿಯಲ್ಲಿ ಡಾಕ್ಟರಾದವರು. ಗರ್ಭ ಜಾರದಂತೆ ಹಾಕುವ ಅವರ ಹೊಲಿಗೆ ಲೋಕಪ್ರಸಿದ್ಧ. ಕೆಳಗೆ ಜಾರಿದ ಗರ್ಭಕೋಶವನ್ನು ಪಟ್ಟಿಯೊಂದರಿಂದ ಬೆನ್ನೆಲುಬಿನ ಬುಡಕ್ಕೆ ಎಳೆದು ಕಟ್ಟುವ ಆಪರೇಷನ್ನಿಗೂ ಅವರ ಹೆಸರೇ ಇದೆ. ಜಾರಿದರೆ ತೆಗೆಯುವುದೊಂದೇ ದಾರಿಯಲ್ಲ ಎಂಬುದಕ್ಕೆ ಇದು ಸಾಕ್ಷಿ. ಎಲ್ಲರಿಗೂ ಇದೇ ಆಗುತ್ತದೆ ಎಂದಲ್ಲ. ‘ತೆಗೆಯದೆ ಬೇರೆ ದಾರಿ ಇದೆಯಾ?’ ಎಂದು ಡಾಕ್ಟರನ್ನು ಕೇಳುವ ಹಕ್ಕಂತೂ ಎಲ್ಲರಿಗೂ ಇದೆ.

ಇಷ್ಟು ಹೇಳಿದ್ದು ಮುಂದಿನ ಮಾತಿಗಾಗಿ. ಹೊಲಿಯುವುದನ್ನು ಕಲಿಯಲು ಇಷ್ಟು ಕಾಲ ಹಿಡಿಯಿತು. ಆ ಹೊಲಿಗೆ ಉಳಿಯುವುದು ಮಾತ್ರ ಮನೆಯವರ ಕೈಯಲ್ಲಿ.

ನಾನು ಡಾಕ್ಟರಲ್ಲ, ಡಿಪ್ಲೊಮಾ ಮೆಕ್ಯಾನಿಕಲ್. ನನಗೆ ಅರ್ಥವಾಗುವುದು ಭಾರದ ಲೆಕ್ಕ. ಸೊಂಟದ ಎಲುಬಿನ ಬಟ್ಟಲಿಗೆ ತಳವಾಗಿ ಸ್ನಾಯುಗಳು ಜೋಲಿಯಂತೆ ಕಟ್ಟಿಕೊಂಡಿವೆ. ಮೂತ್ರಕೋಶ, ಗರ್ಭಕೋಶ, ಗುದನಾಳ ಇರುವುದು ಅದರ ಮೇಲೆ. ಭಾರ ಎತ್ತಿದಾಗ, ಕೆಮ್ಮಿದಾಗ, ಮಲಬದ್ಧತೆಯಿಂದ ಮುಕ್ಕಿದಾಗ ಒತ್ತಡವೆಲ್ಲ ಆ ಜೋಲಿಗೆ. ಒಳಗೆ ಹಾಕುವ, ತಾನೇ ಕರಗುವ ದಾರಗಳಲ್ಲಿ ಸಾಮಾನ್ಯವಾಗಿ ಬಳಸುವ ಪಾಲಿಗ್ಲಾಕ್ಟಿನ್ ದಾರ ಮೂರನೇ ವಾರಕ್ಕೆ ತನ್ನ ಅರ್ಧ ಬಲ ಕಳೆದುಕೊಳ್ಳುತ್ತದೆ, ನಾಲ್ಕನೇ ವಾರಕ್ಕೆ ಕಾಲು ಭಾಗ ಉಳಿಯುತ್ತದೆ. ಅತ್ತ ಗಾಯಕ್ಕೆ ಮೊದಲಿನ ಬಲದ ಶೇ. 80ರಷ್ಟು ಬರಲು ಸುಮಾರು ಮೂರು ತಿಂಗಳು ಬೇಕು. ದಾರವೂ ಸೋತು, ಮಾಂಸವೂ ಕೂಡದ ಕಾಲ ಅದು. ನೋವು ಕಡಿಮೆಯಾಗಿ ‘ಈಗ ಆರಾಮ’ ಅನ್ನಿಸುವುದೂ, ನೋಡಲು ಬಂದ ನೆಂಟರು ವಾಪಸ್ ಹೋಗುವುದೂ ಸರಿಯಾಗಿ ಅದೇ ವಾರ. ಕೊಡಪಾನ ಸೊಂಟಕ್ಕೇರುವುದೂ ಆಗಲೇ. ತುಂಬಿದ ಕೊಡಪಾನ 12-15 ಕೆ.ಜಿ. ತೂಗುತ್ತದೆ, ಡಾಕ್ಟರುಗಳು ಸಾಮಾನ್ಯವಾಗಿ ಆರು ವಾರ 5 ಕೆ.ಜಿ.ಗಿಂತ ಹೆಚ್ಚು ಎತ್ತಬೇಡಿ ಎನ್ನುತ್ತಾರೆ. ಸುಗ್ಗಿಯ ಮೆಣಸಿನಕಾಯಿ ಮೂಟೆಯ ತೂಕ ನಾನು ಹೇಳಬೇಕಾಗಿಲ್ಲ.

ಹಾಗೆಂದು ಮಲಗಿಯೇ ಇರಬಾರದು. ಕಾಲಿನ ರಕ್ತ ಹೆಪ್ಪುಗಟ್ಟದಂತೆ ಬೇಗನೆ ಎದ್ದು ನಡೆಯಲು ಹೇಳುತ್ತಾರೆ. ಕೆಲವು ವಾರ ಸ್ವಲ್ಪ ಕಂದು ಸ್ರಾವ, ಅದರ ಜೊತೆ ದಾರದ ಚೂರು ಬೀಳುವುದು ಸಹಜ, ಹೆದರಬೇಡಿ. ಜ್ವರ, ದುರ್ವಾಸನೆ, ಹಸಿ ರಕ್ತ ಹರಿಯುವುದು, ಮೂತ್ರ ಕಟ್ಟುವುದು, ಒಂದು ಕಾಲು ಮಾತ್ರ ಊದಿ ನೋಯುವುದು, ಉಸಿರು ಸಿಗದಿರುವುದು ಇವು ಯಾವುದಾದರೂ ಕಂಡರೆ ಬೆಳಗಾಗುವವರೆಗೆ ಕಾಯಬೇಡಿ. ಹೊರಭಾಗದ ಹೊಲಿಗೆಯನ್ನು ನೀರಿನಿಂದ ತೊಳೆದು ಮೆತ್ತಗೆ ಒತ್ತಿ ಒರೆಸಬೇಕು, ಉಜ್ಜಬಾರದು. ಗಂಡ-ಹೆಂಡತಿ ಸೇರುವುದು ಡಾಕ್ಟರ್ ಮತ್ತೆ ಪರೀಕ್ಷಿಸಿ ಸರಿ ಎಂದ ಮೇಲೆ. ಇದನ್ನು ಹೆಂಡತಿ ಹೇಳಲಿ ಎಂದು ಕಾಯದೆ ಗಂಡನೇ ತಿಳಿದುಕೊಂಡಿರಬೇಕು. ಕೆಳಗಿನ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು 1948ರಲ್ಲಿ ಅರ್ನಾಲ್ಡ್ ಕೆಗೆಲ್ ಪ್ರಕಟಿಸಿದರು. ಅದನ್ನು ಯಾವಾಗ ಶುರು ಮಾಡುವುದು ಎಂದು ಡಿಸ್‌ಚಾರ್ಜಿನ ದಿನವೇ ಕೇಳಿ. ಬಗ್ಗಲು ಆಗದಿದ್ದರೆ ನಮಾಜ್ ಕುರ್ಚಿಯಲ್ಲಿ ಕೂತು ಮಾಡಬಹುದು, ರೋಗಿಗೆ ಆ ರಿಯಾಯಿತಿ ಇದ್ದೇ ಇದೆ.

ಹೆರಿಗೆಯಾದರೆ ನಮ್ಮ ಮನೆಗಳಲ್ಲಿ ನಲ್ವತ್ತು ದಿನ ಲೆಕ್ಕ ಹಾಕಿ ನೋಡಿಕೊಳ್ಳುತ್ತೇವೆ. ತಿನ್ನಲು ಬೇರೆ, ಮೀಯಲು ಬಿಸಿನೀರು, ಕೆಲಸಕ್ಕೆ ಇನ್ನೊಬ್ಬರು. ಗರ್ಭಕೋಶದ ಆಪರೇಷನ್ ಆದ ಉಮ್ಮನಿಗೆ ಆ ಲೆಕ್ಕ ಇಲ್ಲ, ಮಗುವಿಲ್ಲವಲ್ಲ ಮಡಿಲಲ್ಲಿ. ಆರು ವಾರ ಎಂದರೆ 42 ದಿನ. ನಮ್ಮ ಲೆಕ್ಕಕ್ಕೂ ಡಾಕ್ಟರ ಲೆಕ್ಕಕ್ಕೂ ಎರಡೇ ದಿನದ ವ್ಯತ್ಯಾಸ.

ಇನ್ನೊಂದು. ಏನೇನು ತೆಗೆದರು, ಅಂಡಾಶಯ ಉಳಿಸಿದ್ದಾರೆಯೇ, ತೆಗೆದದ್ದರ ಪರೀಕ್ಷೆಯ ರಿಪೋರ್ಟು ಏನು ಹೇಳಿತು ಎಂಬುದು ಬರಹದಲ್ಲಿ ಕೈಯಲ್ಲಿರಲಿ. ಎರಡೂ ಅಂಡಾಶಯ ಹೋದರೆ ಮುಟ್ಟು ನಿಲ್ಲುವ ತೊಂದರೆಗಳು ಒಮ್ಮೆಲೇ ಬರುತ್ತವೆ, ಎಲುಬು ಸವೆಯುತ್ತದೆ, ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕಾದೀತು. ಗಾಡಿಯ ಆರ್‌ಸಿ ಇಡುವ ಕಪಾಟಿನಲ್ಲೇ ಉಮ್ಮನ ಫೈಲಿಗೂ ಜಾಗ ಮಾಡಿ.