ಹಳೆಯ ಮೋಟಾರಿನ ಸೆಲ್ಫು ಮತ್ತು ಕ್ಲಚ್ಚು

ಜಯಲಕ್ಷ್ಮಿಪುರಂ ಬಡಾವಣೆಯ ಹಳೆಯ ಮನೆಗಳ ಷೆಡ್ಡುಗಳಲ್ಲಿ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಮೊದಲಾದ ಮೋಟಾರುಗಳು ಈಗಲೂ ಅಲ್ಲೊಂದು ಇಲ್ಲೊಂದು ಉಳಿದುಕೊಂಡಿವೆ. ಪದ್ಮಿನಿಯ ತಯಾರಿಕೆ ಈ ಶತಮಾನದ ಆರಂಭದಲ್ಲಿಯೂ ಅಂಬಾಸಡರಿನದು 2014ರಲ್ಲಿಯೂ ನಿಂತುಹೋದುದರಿಂದ, ಇವುಗಳ ಯಜಮಾನರಿಗೆ ಕಾರ್ಖಾನೆಯ ಆಸರೆ ತಪ್ಪಿತು. ಮುಂಜಾನೆ ಇಂಜಿನು ತಿರುಗದಿದ್ದರೆ, ಅಥವಾ ಚಾಮುಂಡಿ ಬೆಟ್ಟದ ಏರಿನಲ್ಲಿ ಇಂಜಿನು ಭೋರ್ಗರೆದರೂ ಬಂಡಿ ಮುಂದೆ ಸಾಗದಿದ್ದರೆ, ಹಲವರು ಕಾರಣವನ್ನು ವಿಚಾರಿಸದೆ ದೊಡ್ಡ ರಿಪೇರಿಗೆ ಒಪ್ಪಿ ಹಣವನ್ನು ಕಳೆದುಕೊಳ್ಳುತ್ತಾರೆ. ಈ ಎರಡು ಅಂಗಗಳು ಹೇಗೆ ಹುಟ್ಟಿದುವೆಂಬುದನ್ನು ಅರಿತರೆ, ಹೇಗೆ ಕೆಡುವುವೆಂಬುದೂ ಬಹುಮಟ್ಟಿಗೆ ತಿಳಿಯುವುದೆಂದು ನಮ್ಮ ಅಭಿಪ್ರಾಯ.

ಮೊದಲ ಮೋಟಾರುಗಳನ್ನು ಮುಂಭಾಗದಲ್ಲಿ ಹ್ಯಾಂಡಲು ತೂರಿಸಿ ಕೈಯಿಂದ ತಿರುಗಿಸಬೇಕಾಗಿತ್ತು. ಕಿಡಿ ಹೊತ್ತಿಗೆ ಮುಂಚೆ ಹಾರಿದರೆ ಹ್ಯಾಂಡಲು ಹಿಂದಕ್ಕೆ ಒದೆಯುತ್ತಿತ್ತು. ಮಣಿಕಟ್ಟು ಮುರಿಯುವುದು ಅಪರೂಪವಾಗಿರಲಿಲ್ಲ. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತದೆ ಇತರ ಬೆರಳುಗಳ ಪಕ್ಕದಲ್ಲಿಯೇ ಇಟ್ಟುಕೊಳ್ಳಬೇಕೆಂಬ ಹಳೆಯ ಡ್ರೈವರುಗಳ ಕಟ್ಟಳೆ ಹುಟ್ಟಿದ್ದು ಹೀಗೆ. 1911ರಲ್ಲಿ ಅಮೆರಿಕೆಯ ಚಾರ್ಲ್ಸ್ ಕೆಟರಿಂಗ್ ಎಂಬಾತನು ವಿದ್ಯುತ್ತಿನಿಂದ ಇಂಜಿನನ್ನು ತಿರುಗಿಸುವ ಸಾಧನವನ್ನು ರೂಪಿಸಿದನು. 1912ರ ಕ್ಯಾಡಿಲ್ಯಾಕ್ ಮೋಟಾರುಗಳಲ್ಲಿ ಅದು ಬಂದಿತು. ಇಷ್ಟು ಕೆಲಸಕ್ಕೆ ಬಹು ದೊಡ್ಡ ವಿದ್ಯುದ್ಯಂತ್ರ ಬೇಕೆಂದು ಇತರರು ಎಣಿಸಿದ್ದರು. ಕೆಲವೇ ಕ್ಷಣ ದುಡಿಯುವ ಯಂತ್ರ ಚಿಕ್ಕದಾಗಿದ್ದರೂ ಅತಿಭಾರವನ್ನು ತಾಳಬಲ್ಲುದೆಂಬುದೇ ಕೆಟರಿಂಗನ ಸೂಕ್ಷ್ಮದೃಷ್ಟಿ. ನಮ್ಮ ಮೆಕ್ಯಾನಿಕ್ಕುಗಳು ಸೆಲ್ಫ್ ಎಂದು ಕರೆಯುವ ಯಂತ್ರದ ಶಕ್ತಿಯೂ ದೌರ್ಬಲ್ಯವೂ ಇದರಲ್ಲಿಯೇ ಅಡಗಿದೆ. ಇಂಜಿನು ಹಿಡಿಯಲಿಲ್ಲವೆಂದು ಬಿಡದೆ ಸೆಲ್ಫ್ ಹೊಡೆಯುತ್ತಿದ್ದರೆ ಅದರ ಸುರುಳಿ ಕಾದು ಸುಡುವುದು. ಅದು ಎಳೆಯುವ ವಿದ್ಯುತ್ತಿನ ಪ್ರಮಾಣವೂ ದೊಡ್ಡದು. ಬ್ಯಾಟರಿಯ ಟರ್ಮಿನಲ್ಲಿನಲ್ಲಿ ಬಿಳಿಯ ಹುಡಿ ಕಟ್ಟಿದ್ದರೂ, ಇಂಜಿನಿನಿಂದ ಚಾಸಿಗೆ ಹೋಗುವ ಅರ್ತಿನ ತಂತಿ ಸಡಿಲಿದ್ದರೂ ಸೆಲ್ಫ್ ಮೂಕವಾಗುತ್ತದೆ.

ಆದುದರಿಂದ ಮೊದಲು ದೀಪವನ್ನು ಹೊತ್ತಿಸಿ ಸೆಲ್ಫ್ ಹೊಡೆಯತಕ್ಕದ್ದು. ದೀಪ ಮಂಕಾದರೆ ಬ್ಯಾಟರಿಯನ್ನೂ ಅದರ ಜೋಡಣೆಗಳನ್ನೂ ನೋಡಬೇಕು. ದೀಪ ಕುಂದದೆ ಸೆಲ್ಫೂ ಅಲುಗದಿದ್ದರೆ ದೋಷ ಸ್ವಿಚ್ಚಿನಲ್ಲಿಯೋ ಸೆಲ್ಫಿನ ಕಾರ್ಬನ್ನುಗಳಲ್ಲಿಯೋ ಇರುವ ಸಂಭವ ಹೆಚ್ಚು. ಸೆಲ್ಫ್ ಬರಿದೇ ಗಿರ್ರೆಂದು ತಿರುಗಿ ಇಂಜಿನು ಮಾತ್ರ ನಿಶ್ಚಲವಾಗಿದ್ದರೆ, ಬೆಂಡಿಕ್ಸ್ ಎಂಬ ಭಾಗವನ್ನು ಶಂಕಿಸಬೇಕು. ವಿನ್ಸೆಂಟ್ ಬೆಂಡಿಕ್ಸನ ಈ ಉಪಾಯ 1914ರ ಸುಮಾರಿಗೆ ಬಳಕೆಗೆ ಬಂದಿತು. ಸೆಲ್ಫ್ ತಿರುಗಿದೊಡನೆ ಚಿಕ್ಕ ಹಲ್ಲುಗಾಲಿಯೊಂದು ತಿರುಪಿನ ಮೇಲೆ ಜಾರಿ ಫ್ಲೈವೀಲಿನ ಅಂಚಿನ ಹಲ್ಲುಗಳನ್ನು ಕಚ್ಚುತ್ತದೆ. ಇಂಜಿನು ಹಿಡಿದೊಡನೆ ಹಿಂದಕ್ಕೆ ಸರಿಯುತ್ತದೆ. ಅಲ್ಲಿ ಜಿಡ್ಡೂ ಧೂಳೂ ಸೇರಿದರೆ ಹಲ್ಲುಗಾಲಿ ಜಾರದು. ಸೀಮೆಎಣ್ಣೆಯಿಂದ ತೊಳೆದು ಒಣಗಿಸಿದರೆ ಸಾಕು. ಮೇಲೆ ಎಣ್ಣೆ ಸುರಿಯುವುದು ಧೂಳಿಗೆ ಆಹ್ವಾನವಿತ್ತಂತೆ.

ಫ್ಲೈವೀಲಿನ ಅಂಚಿನ ಹಲ್ಲುಗಳಿರುವುದು ಒಂದು ಉಕ್ಕಿನ ಬಳೆಯಲ್ಲಿ. ಕಮ್ಮಾರನು ಎತ್ತಿನ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟೆಯನ್ನು ಕಾಯಿಸಿ ತೊಡಿಸುವಂತೆ ಇದನ್ನೂ ಕಾಯಿಸಿ ತೊಡಿಸಿರುತ್ತಾರೆ. ನಾಲ್ಕು ಸಿಲಿಂಡರಿನ ಇಂಜಿನು ನಿಲ್ಲುವಾಗ ಪ್ರಾಯಶಃ ಎದುರುಬದುರಿನ ಎರಡು ಸ್ಥಾನಗಳಲ್ಲಿಯೇ ನಿಲ್ಲುವುದರಿಂದ ಆ ಭಾಗದ ಹಲ್ಲುಗಳು ಮಾತ್ರ ಸವೆಯುತ್ತವೆ. ಸೆಲ್ಫ್ ಕರ್ಕಶವಾಗಿ ಕೂಗಿದರೆ, ಕೀಲಿಯನ್ನು ತೆಗೆದು, ಟಾಪ್ ಗೇರಿನಲ್ಲಿಟ್ಟು ಬಂಡಿಯನ್ನು ತುಸು ತಳ್ಳಿ, ಮತ್ತೆ ನ್ಯೂಟ್ರಲಿಗೆ ತಂದು ಹೊಡೆದುನೋಡಬೇಕು. ಆಗ ಇಂಜಿನು ಸಲೀಸಾಗಿ ತಿರುಗಿದರೆ ಬಳೆ ಸವೆದಿದೆಯೆಂದು ಬಗೆಯಬಹುದು.

ಕ್ಲಚ್ಚು ಒತ್ತುವುದೂ ಇದೇ ಫ್ಲೈವೀಲಿನ ಮೈಮೇಲೆ. ಆದಿಯಲ್ಲಿ ಚರ್ಮ ಹೊದಿಸಿದ ಶಂಕುವಿನಾಕಾರದ ಕ್ಲಚ್ಚುಗಳಿದ್ದುವು. ಚರ್ಮ ಒಣಗಿದರೆ ಬಂಡಿ ನೆಗೆಯುತ್ತಿತ್ತು. ಅನಂತರ ತಟ್ಟೆಯ ಕ್ಲಚ್ಚುಗಳೂ ಕಲ್ನಾರಿನ ಹೊದಿಕೆಯೂ ಬಂದುವು. ಹಳೆಯ ಪ್ಲೇಟಿನ ಕಲ್ನಾರಿನ ಪುಡಿ ಶ್ವಾಸಕೋಶಕ್ಕೆ ಮಾರಕವಾದುದರಿಂದ, ಗಾಳಿ ಹೊಡೆದು ಊದದೆ ಒದ್ದೆಯ ಬಟ್ಟೆಯಿಂದ ಒರಸಬೇಕು. ಈ ಎಚ್ಚರಿಕೆಯನ್ನು ಕೆಲಸದ ಹುಡುಗರಿಗೂ ತಿಳಿಸಿಕೊಡುವುದು ಯಜಮಾನನ ಹೊಣೆ. ಕ್ಲಚ್ಚು ಜಾರುವುದೆಂಬ ಅನುಮಾನವಿದ್ದರೆ, ಸಮನೆಲದಲ್ಲಿ ಹ್ಯಾಂಡ್‌ಬ್ರೇಕನ್ನು ಬಿಗಿದು, ಮುಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಟಾಪ್ ಗೇರಿನಲ್ಲಿ ಪೆಡಲನ್ನು ಮೆಲ್ಲಗೆ ಬಿಡಬೇಕು. ಇಂಜಿನು ನಿಲ್ಲದೆ ಓಡುತ್ತಲೇ ಇದ್ದರೆ ಕ್ಲಚ್ಚು ಜಾರುತ್ತಿದೆ. ಆಗಲೂ ಒಡನೆ ಪ್ಲೇಟನ್ನು ದೂಷಿಸಬಾರದು. ಪೆಡಲಿಗೆ ಇರಬೇಕಾದ ಬಿಡುವಿನ ಆಟ ಇಲ್ಲದಿದ್ದರೂ ಹೀಗಾಗುವುದು. ಆಟ ಅತಿಯಾದರೆ ಗೇರು ಕರಕರನೆ ಕಿರುಚುತ್ತದೆ.

ಇಲ್ಲಿ ನಮ್ಮ ನೆರೆಯ ಯಾದವಗಿರಿಯನ್ನು ನೆನೆಯದಿರಲಾರೆವು. 1961ರಿಂದ 1996ರವರೆಗೆ ನಡೆದ ಐಡಿಯಲ್ ಜಾವಾ ಕಾರ್ಖಾನೆಯ ಮೋಟಾರು ಸೈಕಲ್ಲುಗಳಲ್ಲಿ ಒಂದೇ ಸನ್ನೆ ಗೇರಿಗೂ ಕಿಕ್ಕಿಗೂ ಸಲ್ಲುತ್ತಿತ್ತು; ಕಾಲಿನಿಂದ ಗೇರು ಬದಲಾಯಿಸುವಾಗ ಕ್ಲಚ್ಚು ತಾನಾಗಿ ಬಿಡುತ್ತಿತ್ತು. ಮೋಟಾರಿನಲ್ಲಿ ಫ್ಲೈವೀಲಿನ ಬಳಿ ಮಾತ್ರ ಸಂಧಿಸುವ ಎರಡು ಕಾರ್ಯಗಳನ್ನು ಇಲ್ಲಿ ಸವಾರನ ಒಂದು ಪಾದಕ್ಕೆ ಒಪ್ಪಿಸಿದ್ದರು!

ಬಳೆಗಾಗಲಿ ಪ್ಲೇಟಿಗಾಗಲಿ ಗೇರುಪೆಟ್ಟಿಗೆಯನ್ನು ಕಳಚಲೇಬೇಕಾಗಿ ಬಂದರೆ, ಖರ್ಚಿನ ಬಹುಭಾಗ ಆ ಕಳಚುವ ಕೂಲಿಯೇ ಆಗುತ್ತದೆ. ಆದಕಾರಣ ಒಂದರ ನಿಮಿತ್ತ ಬಿಚ್ಚಿದಾಗ ಬಳೆಯ ಹಲ್ಲು, ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು ಇವೆಲ್ಲವನ್ನೂ ಕಣ್ಣಾರೆ ನೋಡತಕ್ಕದ್ದು. ಮುಖ್ಯವಾಗಿ ಇಂಜಿನಿನ ಹಿಂಬದಿಯಲ್ಲಿ ಎಣ್ಣೆ ಸೋರುತ್ತಿದೆಯೇ ಎಂದು ಪರೀಕ್ಷಿಸಬೇಕು. ಸೋರಿಕೆಯನ್ನು ತಡೆಯದೆ ಹೊಸ ಪ್ಲೇಟನ್ನು ಕೂರಿಸಿದರೆ ಅದೂ ಎಣ್ಣೆ ಕುಡಿದು ಜಾರತೊಡಗುವುದು, ಗೇರುಪೆಟ್ಟಿಗೆಯನ್ನು ಮತ್ತೊಮ್ಮೆ ಇಳಿಸಬೇಕಾಗುವುದು.